ದನಿ ಒಡೆದ ಮೇಲೆ ನಾನು ನಟನಾಗಿದ್ದು

ಹ್ಯಾರಿ ಪಾಟರ್ ಸಿನಿಮಾಗಳಲ್ಲಿ ಹ್ಯಾರಿಯನ್ನು ಗೋಳು ಹುಯ್ದುಕೊಳ್ಳುವ ದಪ್ಪ ಹುಡುಗ ಡಡ್ಲಿ ನೆನಪಿದ್ದಾನೆ ಅಲ್ವಾ? ಆ ಪಾತ್ರ ಮಾಡಿದವರು ಹ್ಯಾರಿ ಮೆಲ್ಲಿಂಗ್. 2001ರಲ್ಲಿ ಮೊದಲ ಸಿನಿಮಾ ಬಂದಾಗ ಅವರಿಗೆ 12 ವರ್ಷ. ಆಮೇಲೆ ಅವರು ಹಿಡಿದ ದಾರಿ ನೋಡಿಯೇ ನಾನು ನನ್ನ ದಾರಿ ಹುಡುಕಿಕೊಂಡೆ.

ನಾನೂ ಬಾಲನಟ. ಪೌರಾಣಿಕ ಧಾರಾವಾಹಿಗಳಲ್ಲಿ ಬಾಲಕೃಷ್ಣ, ಪ್ರಹ್ಲಾದ ಆಗಿದ್ದವನು. ಮೀಸೆ ಚಿಗುರಿ ದನಿ ಒಡೆದ ಮೇಲೆ ಯಾರೂ ಕರೆಯಲಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮಾತ್ರ ಜನ ವರ್ಷಗಟ್ಟಲೆ ‘ಏನಪ್ಪಾ ಕೃಷ್ಣ’ ಅಂತ ಮಾತಾಡಿಸುತ್ತಿದ್ದರು.

ಮೆಲ್ಲಿಂಗ್ ಲಂಡನ್ನಿನ ಲಾಮ್ಡಾ ನಾಟಕ ಶಾಲೆ ಸೇರಿದರು. ಅಷ್ಟರಲ್ಲಿ ಎಷ್ಟು ಸಣ್ಣಗಾಗಿದ್ದರೆಂದರೆ, 2010ರ ಸಿನಿಮಾದಲ್ಲಿ ಮತ್ತೆ ಡಡ್ಲಿ ಆಗಲು ದಪ್ಪ ಕಾಣಿಸುವ ಉಡುಪು ತೊಡಬೇಕಾಯಿತು. 2009ರಲ್ಲಿ ನ್ಯಾಷನಲ್ ಥಿಯೇಟರಿನಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಬರೆದ ‘ಮದರ್ ಕರೇಜ್’ ನಾಟಕದಲ್ಲಿ ಮಗನ ಪಾತ್ರ ಮಾಡಿದರು. ತಾಯಿಯ ಪಾತ್ರ ನಟಿ ಫಿಯೋನಾ ಶಾ ಅವರದು. ಸಿನಿಮಾದಲ್ಲಿ ಡಡ್ಲಿಯ ಅಮ್ಮನಾಗಿದ್ದವರೂ ಅವರೇ! 2016ರಲ್ಲಿ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಹಿರಿಯ ನಟಿ ಗ್ಲೆಂಡಾ ಜಾಕ್ಸನ್ ಲಿಯರ್ ದೊರೆಯಾದಾಗ ಮೆಲ್ಲಿಂಗ್ ಎಡ್ಗರ್ ಪಾತ್ರ ಮಾಡಿದರು. ಹಿರಿಯ ಕಲಾವಿದರ ಪಕ್ಕದಲ್ಲಿ ನಿಂತು ಕಲಿಯಬೇಕು ಅನ್ನುವುದು ನನಗೆ ಹೊಳೆದದ್ದು ಇಲ್ಲಿ.

ಅಂಥ ಹಿರಿಯರು ನಮ್ಮ ಹಳ್ಳಿಗಳಲ್ಲೇ ಇದ್ದಾರೆ. ತುಮಕೂರು ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ರಾತ್ರಿಯಿಡೀ ನಡೆಯುತ್ತದೆ. ಪಾತ್ರಧಾರಿಗಳೇ ದುಡ್ಡು ಹಾಕಿ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ‘ಕೃಷ್ಣನ ಪಾತ್ರ ತಗೊಳಪ್ಪಾ, ನಿನ್ನ ನೋಡೋಕೆ ಜನ ಬರ್ತಾರೆ’ ಅಂದರು. ನಾನು ವಿದುರನನ್ನು ಕೇಳಿದೆ. ದುರ್ಯೋಧನ ಆಗಿದ್ದವರು ಅಡಿಕೆ ಬೆಳೆಗಾರರು, ಅಪ್ಪನ ವಯಸ್ಸಿನವರು. ಅವರ ಮಾತು ಮುಗಿಯುವವರೆಗೆ ಅಲ್ಲಾಡದೆ ನಿಂತು ಕೇಳುವುದು ನನಗೆ ದೊಡ್ಡ ಕೆಲಸವಾಗಿತ್ತು. ಕ್ಯಾಮೆರಾ ಮುಂದೆ ಕಣ್ಣರಳಿಸಿ ನಕ್ಕರೆ ಶಾಟ್ ಓಕೆ ಆಗುತ್ತಿತ್ತು. ಇಲ್ಲಿ ಬೆನ್ನು, ಕೈ, ಕಾಲು ಎಲ್ಲವೂ ಜನರಿಗೆ ಕಾಣುತ್ತವೆ.

ದನಿಗೆ ಕುಮಾರವ್ಯಾಸನನ್ನು ಹಿಡಿದೆ. ಭಾಮಿನಿ ಷಟ್ಪದಿಯಲ್ಲಿ ಮೊದಲ ಎರಡು ಸಾಲಿಗೆ ತಲಾ 14 ಮಾತ್ರೆ, ಮೂರನೆಯದಕ್ಕೆ 23. ಮೂರೂ ಸಾಲನ್ನು ಒಂದೇ ಉಸಿರಿಗೆ ಹೇಳುತ್ತಿದ್ದೆ. ಆ ಉದ್ದದ ಸಾಲಿಗೆ ಉಸಿರು ಉಳಿಸಿಕೊಳ್ಳದಿದ್ದರೆ ಕೊನೆಯ ಅಕ್ಷರ ಸತ್ತೇ ಹೋಗುತ್ತದೆ. ಸ್ಥಾಯಿ ತಗ್ಗಿಸಿಯೇ ಶುರು ಮಾಡುತ್ತಿದ್ದೆ. ಒಡೆದ ಗಂಟಲನ್ನು ಸುಮ್ನೆ ಮೇಲಕ್ಕೆ ಎಳೆದರೆ ಕಿರುಚಿದ ಹಾಗಾಗುತ್ತದೆ. ನಿಧಾನವಾಗಿ ನನ್ನದೇ ದನಿ ಸಿಕ್ಕಿತು. 2018ರ ‘ಬಸ್ಟರ್ ಸ್ಕ್ರಗ್ಸ್’ ಸಿನಿಮಾದಲ್ಲಿ ಮೆಲ್ಲಿಂಗ್ ಕೈಕಾಲಿಲ್ಲದ ಕಲಾವಿದನಾಗಿ ಬರೀ ಮುಖ ಮತ್ತು ದನಿಯಲ್ಲೇ ನಿಲ್ಲುತ್ತಾರೆ. ಅದನ್ನು ಪದೇ ಪದೇ ನೋಡಿದೆ.

ಮೆಲ್ಲಿಂಗ್ 2014ರಲ್ಲಿ ‘ಪೆಡ್ಲಿಂಗ್’ ಅನ್ನುವ ಏಕವ್ಯಕ್ತಿ ನಾಟಕ ಬರೆದು ತಾವೇ ಆಡಿದರು. ಮನೆ ಮನೆಗೆ ಸಾಮಾನು ಮಾರುವ ಹುಡುಗನ ಕಥೆ. ಪಾತ್ರ ಬರಲಿ ಅಂತ ಕಾಯುವ ಬದಲು ನಾನೂ ಬರೆದೆ. ನಾಟಕದ ಸೀನರಿ ಬಾಡಿಗೆಗೆ ಕೊಡುವ ಮುದುಕನೊಬ್ಬ, ಅರಮನೆಯ ಪರದೆ ಮಡಿಸುತ್ತಾ ತನ್ನ ಬದುಕು ಹೇಳಿಕೊಳ್ಳುತ್ತಾನೆ. ಗುಬ್ಬಿ ವೀರಣ್ಣನವರ ಊರಿನಲ್ಲಿ ಅದನ್ನು ಆಡಿದ ರಾತ್ರಿ ಯಾರೂ ನನ್ನನ್ನು ಕೃಷ್ಣ ಅನ್ನಲಿಲ್ಲ. ಹಿರಿಯರೊಬ್ಬರು ‘ಆ ಪರದೆ ಮಡಿಸೋದು ಹಂಗಲ್ಲ ಕಣಪ್ಪಾ’ ಅಂತ ಹತ್ತಿರ ಬಂದು ತೋರಿಸಿಕೊಟ್ಟರು. ಮುಂದಿನ ಪ್ರದರ್ಶನದಿಂದ ಹಾಗೇ ಮಡಿಸುತ್ತಿದ್ದೇನೆ.