ಹನ್ನೆರಡನೇ ಕ್ಲಾಸಿಗೆ ಏನು ತಗೋಬೇಕು? ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ

ಫೆಬ್ರವರಿಯ ಆಸುಪಾಸಿನಲ್ಲಿ ಇಲ್ಲಿನ ಹೈಸ್ಕೂಲುಗಳಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಒಂದು ಫಾರ್ಮ್ ಕೊಡುತ್ತಾರೆ. ಮುಂದಿನ ವರ್ಷ, ಅಂದರೆ ಸೀನಿಯರ್ ಇಯರ್‌ನಲ್ಲಿ, ಯಾವ್ಯಾವ ಕ್ಲಾಸ್ ಬೇಕು ಅಂತ ಅದರಲ್ಲಿ ಬರೆದುಕೊಡಬೇಕು. ಆರೋ ಏಳೋ ಖಾಲಿ ಸಾಲು, ಅಷ್ಟೇ. ಆದರೆ ಪಿಯುಸಿ ಓದಿ ಬಂದ ಅಪ್ಪ-ಅಮ್ಮಂದಿರಿಗೆ ಆ ಸಾಲುಗಳನ್ನು ತುಂಬುವುದು ಸುಲಭವಲ್ಲ. ನಮ್ಮ ಕಾಲದಲ್ಲಿ ಒಂದು ಸಲ ಪಿಸಿಎಂಬಿ ಅಂತ ಬರೆದರೆ ಎರಡು ವರ್ಷ ಬೇರೆ ಯೋಚನೆಯೇ ಇರಲಿಲ್ಲ. ಆಮೇಲೆ ಸೆಕೆಂಡ್ ಪಿಯು ಅಂಕ, ಸಿಇಟಿ ರ‍್ಯಾಂಕ್. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಯಾಕೆ ಅಂತ ಮೊದಲು ನೋಡೋಣ. ಕಾಲೇಜಿಗೆ ಅರ್ಜಿ ಹೋಗುವುದು ಹನ್ನೆರಡನೇ ಕ್ಲಾಸಿನ ಅರ್ಧದಲ್ಲೇ. ಬೇಗ ಹಾಕುವವರಿಗೆ ಬಹಳ ಕಡೆ ನವೆಂಬರ್ 1 ಕೊನೆಯ ದಿನ. ಉಳಿದವರಿಗೆ ಹೆಚ್ಚಿನ ಕಾಲೇಜುಗಳಲ್ಲಿ ಜನವರಿಯ ಮೊದಲ ದಿನಗಳು. ಆ ಹೊತ್ತಿಗೆ ಸೀನಿಯರ್ ಇಯರ್‌ನ ಅಂಕ ಇನ್ನೂ ಕೈಗೆ ಬಂದಿರುವುದಿಲ್ಲ. ಕಾಲೇಜಿನವರ ಮುಂದೆ ಇರುವುದು ಕ್ಲಾಸುಗಳ ಹೆಸರು ಮಾತ್ರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ 10 ಮತ್ತು 11ನೇ ಕ್ಲಾಸಿನ ಗ್ರೇಡುಗಳನ್ನಷ್ಟೇ ಹಿಡಿಯುತ್ತದೆ. ಆದರೂ 12ರಲ್ಲಿ ಏನು ಓದುತ್ತಿದ್ದೀಯ ಅಂತ ಕೇಳುತ್ತದೆ. ಹಾಗಾಗಿ ಆ ಫಾರ್ಮಿನಲ್ಲಿ ನಿಮ್ಮ ಮಗು ಬರೆಯುವ ಪಟ್ಟಿಯೇ ಅರ್ಜಿಯ ಒಂದು ಭಾಗ. ಅದರಲ್ಲಿ ಕಾಣಬೇಕಾದ್ದು ಒಂದೇ: ಮೂರು ವರ್ಷ ಓದಿಕೊಂಡು ಬಂದದ್ದನ್ನು ಈ ಮಗು ಮುಂದಕ್ಕೆ ಒಯ್ಯುತ್ತಿದೆಯೋ, ಇಲ್ಲ ಕೈಬಿಟ್ಟಿದೆಯೋ.

ಮೊದಲು ಟ್ರಾನ್ಸ್‌ಕ್ರಿಪ್ಟ್ ತೆಗೆಯಿರಿ

ಹೊಸ ಕ್ಲಾಸುಗಳ ಪಟ್ಟಿ ನೋಡುವ ಮೊದಲು ಹಳೆಯದನ್ನು, ಅಂದರೆ ಓದಿದ ಕ್ಲಾಸು, ಗ್ರೇಡುಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟನ್ನು ನೋಡಿ. ಒಂಬತ್ತನೇ ಕ್ಲಾಸಿನಿಂದ ಇಲ್ಲಿಯವರೆಗೆ ಏನೇನು ಓದಿದ್ದಾಗಿದೆ, ಹೈಸ್ಕೂಲು ಮುಗಿಸಲು ಇನ್ನೇನು ಬಾಕಿ ಇದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸೆಮಿಸ್ಟರ್ ಗವರ್ನಮೆಂಟ್, ಒಂದು ಸೆಮಿಸ್ಟರ್ ಎಕನಾಮಿಕ್ಸ್ ಕಡ್ಡಾಯ. ಹೆಚ್ಚಿನ ಶಾಲೆಗಳಲ್ಲಿ ಅವು ಸೀನಿಯರ್ ಇಯರ್‌ಗೇ ಬರುತ್ತವೆ. ಅಲ್ಲಿಗೆ ಒಂದು ಸಾಲು ತುಂಬಿದ ಹಾಗೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹಾಕುವವರು 'ಎ ಟು ಜಿ' ಪಟ್ಟಿಯನ್ನೂ, ಅಂದರೆ ಅದು ಕೇಳುವ ಎ ಇಂದ ಜಿ ವರೆಗಿನ ಏಳು ವಿಷಯ ವಿಭಾಗಗಳ ಪಟ್ಟಿಯನ್ನೂ, ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಂದೊಂದು ವರ್ಷದ ಒಟ್ಟು 15 ಕೋರ್ಸುಗಳು, ಎಲ್ಲದರಲ್ಲೂ ಸಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡ್. ಇದರಲ್ಲಿ 11 ಕೋರ್ಸು ಸೀನಿಯರ್ ಇಯರ್ ಶುರುವಾಗುವ ಮೊದಲೇ ಮುಗಿದಿರಬೇಕು. ನಮ್ಮ ಮನೆಗಳಲ್ಲಿ ಮರೆತುಹೋಗುವುದು ಸಾಮಾನ್ಯವಾಗಿ 'ಎಫ್' ವಿಭಾಗ: ಸಂಗೀತ, ಚಿತ್ರಕಲೆ, ನಾಟಕದಂಥ ಒಂದು ವರ್ಷದ ಕಲೆಯ ಕ್ಲಾಸು. ಮನೆಯಲ್ಲಿ ಹತ್ತು ವರ್ಷ ಭರತನಾಟ್ಯ ಕಲಿತಿದ್ದಾಳೆ, ಸಾಕಲ್ವಾ ಅಂದರೆ ಸಾಲದು. ವಿಶ್ವವಿದ್ಯಾಲಯ ಒಪ್ಪಿದ ಕ್ಲಾಸೇ ಆಗಬೇಕು. ಬಾಕಿ ಇದ್ದರೆ ಅದು ಮೊದಲು.

ಐದು ವಿಷಯ ಬಿಡಬೇಡಿ

ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಇನ್ನೊಂದು ಭಾಷೆ. ಪೈಪೋಟಿ ಜೋರಾಗಿರುವ ಕಾಲೇಜುಗಳಿಗೆ ಈ ಐದೂ ನಾಲ್ಕೂ ವರ್ಷ ಕಾಣುವುದು ಒಳ್ಳೆಯದು. ಹೈಸ್ಕೂಲಿನ ನಿಯಮದ ಪ್ರಕಾರ ಮೂರು ವರ್ಷದ ಗಣಿತ ಸಾಕಾಗಬಹುದು. ಆದರೆ ಹೈಸ್ಕೂಲು ಮುಗಿಸುವುದು ಬೇರೆ, ಕಾಲೇಜಿನ ಬಾಗಿಲು ತೆರೆಯುವುದು ಬೇರೆ. ಎಲ್ಲ ಮುಗೀತಲ್ಲ ಅಂತ ಸುಮ್ನೆ ಎರಡು ಪೀರಿಯಡ್ ಖಾಲಿ ಬಿಡುವ ಮಕ್ಕಳಿದ್ದಾರೆ. ಖಾಲಿ ಪೀರಿಯಡ್ ತಪ್ಪಲ್ಲ. ಆದರೆ ಗಣಿತ ಬಿಟ್ಟು ಖಾಲಿ ಕೂತರೆ ಅರ್ಜಿ ಓದುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಇಲ್ಲಿ ಒಂದು ವಿಷಯ ಪಿಯುಸಿ ಓದಿದವರಿಗೆ ಹೊಸದು. ಇಲ್ಲಿ ವಿಜ್ಞಾನ ಒಂದೊಂದು ವರ್ಷಕ್ಕೆ ಒಂದೊಂದು. ಒಂಬತ್ತರಲ್ಲಿ ಬಯಾಲಜಿ, ಹತ್ತರಲ್ಲಿ ಕೆಮಿಸ್ಟ್ರಿ, ಹೀಗೆ. ಫಿಸಿಕ್ಸ್ ಮುಟ್ಟದೆಯೇ ಹನ್ನೆರಡಕ್ಕೆ ಬಂದಿರುವ ಮಗು ಇರಬಹುದು. ಎಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ಈ ವರ್ಷ ಫಿಸಿಕ್ಸ್ ಬೇಕೇ ಬೇಕು. ಊರಿಗೆ ವಾಪಸ್ ಹೋಗಿ ಮೆಡಿಕಲ್ ಓದುವ ಯೋಚನೆ ಇದ್ದರೂ ಅಷ್ಟೇ. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಓದಿರಬೇಕು.

ಗಣಿತದಲ್ಲಿ ಯಾವುದು?

ಜಾಸ್ತಿ ವಾದ ಆಗುವುದು ಇಲ್ಲೇ. ಕ್ಯಾಲ್ಕುಲಸ್ಸೋ, ಸ್ಟ್ಯಾಟಿಸ್ಟಿಕ್ಸೋ? ಎಂಜಿನಿಯರಿಂಗ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಅನ್ನುವವರಿಗೆ ಕ್ಯಾಲ್ಕುಲಸ್. ಎಂಐಟಿ ಕ್ಯಾಲ್ಕುಲಸ್‌ವರೆಗಿನ ಗಣಿತ ಓದಿ ಬನ್ನಿ ಅನ್ನುತ್ತದೆ. ಕ್ಯಾಲ್ಟೆಕ್ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಮೂರನ್ನೂ ಕೇಳುತ್ತದೆ. ಶಾಲೆಯಲ್ಲಿ ಆ ಕ್ಲಾಸು ಇಲ್ಲದ ಮಕ್ಕಳಿಗೆ ಬೇರೆ ದಾರಿಯನ್ನೂ ಅದು ಕೊಟ್ಟಿದೆ. ಸೈಕಾಲಜಿ, ಸಮಾಜಶಾಸ್ತ್ರದ ಕಡೆ ಹೋಗುವ ಮಗುವಿಗೆ ಸ್ಟ್ಯಾಟಿಸ್ಟಿಕ್ಸ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅದನ್ನು ಕಡಿಮೆ ಅಂತ ನೋಡಬೇಡಿ. ಕ್ಯಾಲ್ಕುಲಸ್‌ಗೆ ಮೊದಲಿನ ಪ್ರೀಕ್ಯಾಲ್ಕುಲಸ್‌ನಲ್ಲಿ ಒದ್ದಾಡಿದ ಮಗುವನ್ನು, ಪಕ್ಕದ ಮನೆಯವರು ತಗೊಂಡಿದ್ದಾರೆ ಅಂತ ವೇಗವಾಗಿ ಸಾಗುವ ಕ್ಯಾಲ್ಕುಲಸ್ ಬಿಸಿ (BC) ಕೋರ್ಸಿಗೆ ಕೂರಿಸುವುದು ಸರಿಯಲ್ಲ. ಕ್ಯಾಲ್ಕುಲಸ್ ಎಬಿ (AB) ಇದೆ. ಅದು ನಿಧಾನವಾಗಿ ಸಾಗುತ್ತದೆ, ಗಟ್ಟಿಯಾದ ಕೋರ್ಸೇ.

ಎಪಿ ಎಷ್ಟು?

ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಹೆಚ್ಚಿನ ಮನೆಗಳ ಮೊದಲ ಪ್ರಶ್ನೆ ಇದು. ನಾನು ಇದನ್ನು ವಿಷಯಗಳ ಮಾತಾದ ಮೇಲೆ ಇಟ್ಟದ್ದು ಬೇಕಂತಲೇ. ಬಹಳ ಕಾಲೇಜುಗಳು ಒಪ್ಪುವ ಒಂದೇ ಅರ್ಜಿಯಾದ ಕಾಮನ್ ಅಪ್ಲಿಕೇಶನ್ ಜೊತೆ ಶಾಲೆಯ ಕೌನ್ಸೆಲರ್ ಒಂದು ವರದಿ ಕಳಿಸುತ್ತಾರೆ. ಈ ಮಗು ತಗೊಂಡ ಕ್ಲಾಸುಗಳು ಇದೇ ಶಾಲೆಯ ಬೇರೆ ಮಕ್ಕಳಿಗೆ ಹೋಲಿಸಿದರೆ ಎಷ್ಟು ಕಷ್ಟದವು ಅಂತ ಅದರಲ್ಲಿ ಒಂದು ಪ್ರಶ್ನೆ ಇರುತ್ತದೆ. ಹೋಲಿಕೆ ನಿಮ್ಮ ಶಾಲೆಯೊಳಗೇ ನಡೆಯುತ್ತದೆ. ಶಾಲೆಯಲ್ಲಿ ಎಂಟೇ ಎಪಿ ಇದ್ದರೆ, ಇಪ್ಪತ್ತೈದು ಎಪಿ ಇರುವ ಊರಿನ ಮಕ್ಕಳ ಜೊತೆ ನಿಮ್ಮ ಮಗುವನ್ನು ತೂಗುವುದಿಲ್ಲ. ಹಾಗಾಗಿ ಕೌನ್ಸೆಲರ್ ಹತ್ತಿರ ನೇರವಾಗಿ ಕೇಳಿ: "ಈ ಪಟ್ಟಿಗೆ ನೀವು ಯಾವ ಗುರುತು ಹಾಕುತ್ತೀರಿ?"

ಒಂದು ಪಟ್ಟಿಯನ್ನೇ ಹಿಡಿದು ನೋಡೋಣ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕೆನ್ನುವ ಒಬ್ಬ ಹುಡುಗಿ ಅಂದುಕೊಳ್ಳಿ. ಪ್ರೀಕ್ಯಾಲ್ಕುಲಸ್, ಕೆಮಿಸ್ಟ್ರಿ, ಮೂರು ವರ್ಷದ ಸ್ಪ್ಯಾನಿಶ್ ಆಗಿದೆ. ಫಿಸಿಕ್ಸ್ ಓದಿಲ್ಲ. ಅವಳ ಮೊದಲ ಪಟ್ಟಿ: ಎಪಿ ಕ್ಯಾಲ್ಕುಲಸ್ ಬಿಸಿ, ಎಪಿ ಫಿಸಿಕ್ಸ್ ಸಿ, ಎಪಿ ಬಯಾಲಜಿ, ಎಪಿ ಲಿಟರೇಚರ್, ಎಪಿ ಗವರ್ನಮೆಂಟ್, ಎಪಿ ಸೈಕಾಲಜಿ. ಆರಕ್ಕೆ ಆರೂ ಎಪಿ. ನೋಡಲು ಭಾರಿಯಾಗಿದೆ. ಆದರೆ ಸ್ಪ್ಯಾನಿಶ್ ಹೋಯಿತು. ಫಿಸಿಕ್ಸ್ ಸಿ ಕ್ಯಾಲ್ಕುಲಸ್ ಮೇಲೆ ನಿಂತಿದೆ. ಎರಡನ್ನೂ ಒಟ್ಟಿಗೆ ಹೊಸದಾಗಿ ಶುರು ಮಾಡಿದರೆ ಸೆಪ್ಟೆಂಬರ್‌ನಲ್ಲೇ ಉಸಿರುಗಟ್ಟುತ್ತದೆ. ಬಯಾಲಜಿ, ಸೈಕಾಲಜಿ ಅವಳ ದಾರಿಗೆ ಬೇಕಿಲ್ಲ.

ತಿದ್ದಿದ ಪಟ್ಟಿ: ಎಪಿ ಕ್ಯಾಲ್ಕುಲಸ್ ಬಿಸಿ, ಎಪಿ ಫಿಸಿಕ್ಸ್ 1 (ಇದಕ್ಕೆ ಕ್ಯಾಲ್ಕುಲಸ್ ಬೇಡ), ಎಪಿ ಲಿಟರೇಚರ್, ಮಾಮೂಲಿ ಗವರ್ನಮೆಂಟ್ ಮತ್ತು ಎಕನಾಮಿಕ್ಸ್, ಸ್ಪ್ಯಾನಿಶ್ 4, ಶಾಲೆಯ ಎಂಜಿನಿಯರಿಂಗ್ ಡಿಸೈನ್ ಕ್ಲಾಸು. ಎಪಿ ಮೂರೇ. ಆದರೆ ಈ ಹುಡುಗಿಗೆ ಏನು ಬೇಕು ಅನ್ನುವುದು ಓದಿದ ಕೂಡಲೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯ ಪಟ್ಟಿ.

ಇನ್ನೊಂದು ಮಾತು. ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜುಲೈನಲ್ಲಿ. ಸೀನಿಯರ್ ಇಯರ್‌ನ ಎಪಿ ಅಂಕ ಪ್ರವೇಶಕ್ಕೆ ಸಿಗುವುದೇ ಇಲ್ಲ. ಅದರ ಉಪಯೋಗ ಕಾಲೇಜು ಸೇರಿದ ಮೇಲೆ ಕ್ರೆಡಿಟ್ ಸಿಗುವ ಕಡೆ ಮಾತ್ರ.

ಶಾಲೆಯಲ್ಲಿಲ್ಲದ ವಿಷಯವನ್ನು ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಕಾಲೇಜು) ಓದುವ ದಾರಿಯೂ ಇದೆ. ಒಳ್ಳೆಯದೇ. ಆದರೆ ಆ ಗ್ರೇಡು ಕಾಲೇಜಿನ ಕಾಯಂ ದಾಖಲೆಯಾಗಿ ಉಳಿಯುತ್ತದೆ. ಮುಂದೆ ಇಲ್ಲೇ ಮೆಡಿಕಲ್ ಸ್ಕೂಲಿಗೆ ಹಾಕುವಾಗ ಅದನ್ನೂ ತೋರಿಸಬೇಕು. ಹಗುರವಾಗಿ ತಗೊಳ್ಳಬೇಡಿ.

ಕನ್ನಡಕ್ಕೂ ಜಾಗ ಇದೆ

ಮನೆಯಲ್ಲಿ ಕನ್ನಡ ಮಾತಾಡುವ, ವಾರಾಂತ್ಯದ ಕನ್ನಡ ಶಾಲೆಗೆ ಹೋಗುವ ಮಕ್ಕಳು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು. ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾ ಮೇಲೆ 'ಸೀಲ್ ಆಫ್ ಬೈಲಿಟರಸಿ' ಹಾಕಿಕೊಡುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಬೇರೆ ರಾಜ್ಯಗಳಿಗೂ ಹಬ್ಬಿದೆ. ನಿಮ್ಮ ಶಾಲಾ ಡಿಸ್ಟ್ರಿಕ್ಟ್ ಕನ್ನಡಕ್ಕೆ ಯಾವ ಪರೀಕ್ಷೆ ಒಪ್ಪುತ್ತದೆ, ಭಾಷೆಯ ಕ್ರೆಡಿಟ್ ಕೊಡುತ್ತದೆಯೇ ಅಂತ ಕೌನ್ಸೆಲರ್‌ಗೆ ಬರೆದು ಕೇಳಿ. ಮಾತಾಡಲು ಬಂದರೆ ಸಾಲದು, ಓದಲು ಬರೆಯಲೂ ಬರಬೇಕು.

ಸಹಿ ಹಾಕುವ ಮೊದಲು

ಪಟ್ಟಿಯಲ್ಲಿರುವ ಪ್ರತಿ ಕ್ಲಾಸಿಗೆ ವಾರಕ್ಕೆ ಎಷ್ಟು ಗಂಟೆ ಹೋಂವರ್ಕ್ ಅಂತ ಈಗ ಓದುತ್ತಿರುವ ಸೀನಿಯರ್‌ಗಳನ್ನು ಕೇಳಿ ಕೂಡಿಸಿ. ಅದಕ್ಕೆ ಅರ್ಜಿಯ ಬರವಣಿಗೆಯನ್ನೂ ಸೇರಿಸಿ. ಕಾಮನ್ ಅಪ್ಲಿಕೇಶನ್‌ಗೆ 650 ಪದದೊಳಗಿನ ಒಂದು ಪ್ರಬಂಧ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ತಲಾ 350 ಪದದೊಳಗಿನ ನಾಲ್ಕು ಉತ್ತರ. ಜೊತೆಗೆ ಕೆಲವು ಕಾಲೇಜುಗಳ ಬೇರೆ ಪ್ರಶ್ನೆಗಳು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಇದೇ ಒಂದು ಕ್ಲಾಸಿನಷ್ಟು ಕೆಲಸ. ನಿದ್ದೆಗೆ ಎಷ್ಟು ಗಂಟೆ ಉಳಿಯಿತು ನೋಡಿ. ಸಾಲದಿದ್ದರೆ ಒಂದು ಎಪಿ ತೆಗೆದು ಮಾಮೂಲಿ ಕ್ಲಾಸು ಹಾಕಿ.

ಬೇಕಾದ ಎರಡು ಕ್ಲಾಸು ಒಂದೇ ಪೀರಿಯಡ್‌ಗೆ ಬೀಳುವುದುಂಟು. ಹಾಗಾಗಿ ಬದಲಿ ಆಯ್ಕೆಗಳ ಸಾಲನ್ನೂ ಯೋಚಿಸಿ ತುಂಬಿಸಿ. ಖಾಲಿ ಬಿಟ್ಟರೆ ಎಲ್ಲಿ ಜಾಗ ಇದೆಯೋ ಅಲ್ಲಿಗೆ ಹಾಕಿಬಿಡಬಹುದು.

ಅರ್ಜಿ ಕಳಿಸಿದ ಮೇಲೆ ಕ್ಲಾಸು ಬದಲಿಸಿದರೆ ಕಾಲೇಜುಗಳಿಗೆ ತಿಳಿಸಬೇಕು. ನಡುವರ್ಷದ ಗ್ರೇಡುಗಳನ್ನು ಬಹಳ ಕಾಲೇಜುಗಳು ಕೇಳುತ್ತವೆ, ಜೂನ್‌ನಲ್ಲಿ ಸೇರುವ ಕಾಲೇಜಿಗೆ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ. ಸೀಟು ಸಿಕ್ಕಿತು ಅಂತ ಏಪ್ರಿಲ್‌ನಲ್ಲಿ ಓದು ಬಿಟ್ಟು ಡಿ ಅಥವಾ ಎಫ್ ಗ್ರೇಡ್ ತಗೊಂಡರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಕಾಲೇಜಿಗೆ ಇರುತ್ತದೆ. ಅಂಥ ಗ್ರೇಡ್ ಬರುವ ಸೂಚನೆ ಕಂಡರೆ ಕಾಯಬೇಡಿ. ಮಗುವೇ ಅಡ್ಮಿಷನ್ ಆಫೀಸಿಗೆ ಕಾರಣ ಬರೆದು ತಿಳಿಸಲಿ.