98ನ್ನು ಎರಡು ಅವಿಭಾಜ್ಯಗಳಾಗಿ ಒಡೆಯುವುದು ಹೇಗೆ?

ಮುಂಬಯಿ ಲೋಕಲ್ಲಿಗೆ 12 ಡಬ್ಬಿ. 12 ಅಂದರೆ 5+7, ಎರಡೂ ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಗಳು. (ಪಕ್ಕದ ಮನೆಯ ಮರಾಠಿ ಮಾಧ್ಯಮದ ಮಕ್ಕಳ ಬಾಯಲ್ಲಿ ‘ಮೂಳ ಸಂಖ್ಯಾ’.) 2ಕ್ಕಿಂತ ದೊಡ್ಡದಾದ ಯಾವ ಸಮ ಸಂಖ್ಯೆಯನ್ನಾದರೂ ಹೀಗೆ ಒಡೆಯಬಹುದು ಎಂಬ ಊಹೆ ಹುಟ್ಟಿದ್ದು 1742ರ ಜೂನ್ 7ರಂದು ಗಣಿತಜ್ಞ ಗೋಲ್ಡ್‌ಬಾಕ್ ಮತ್ತೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದಿಂದ. 4ರ ಮುಂದೆ 18 ಸೊನ್ನೆ ಇಟ್ಟರೆ ಬರುವ ಸಂಖ್ಯೆಯವರೆಗೆ ಕಂಪ್ಯೂಟರಿನಲ್ಲಿ ನೋಡಿದ್ದಾರೆ, ಎಲ್ಲೂ ತಪ್ಪಿಲ್ಲ. ಸಾಧಿಸಿ ತೋರಿಸಿದವರು ಮಾತ್ರ ಇನ್ನೂ ಇಲ್ಲ. ಆ ಕೆಲಸ ಕೊಲಾಬಾದ ಟಾಟಾ ಸಂಸ್ಥೆಯಲ್ಲಿದ್ದ ಮಂಡ್ಯದ ಕೆ. ರಾಮಚಂದ್ರರಂಥ ಸಂಖ್ಯಾ ಸಿದ್ಧಾಂತಿಗಳದು. ನಮಗೆ ಒಂದು ಹಾಳೆ ಸಾಕು.

ಎ4 ಹಾಳೆಯ ಉದ್ದ 29.7 ಸೆಂ.ಮೀ. ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿ, ಒಂದೊಂದರಲ್ಲೂ 1 ಸೆಂ.ಮೀ.ನ 29 ಮನೆ ಹಾಕಿ. ಮೇಲಿನ ಪಟ್ಟಿಯಲ್ಲಿ 1ರಿಂದ 29, ಕೆಳಗಿನದರಲ್ಲಿ 29ರಿಂದ 1. ಎರಡರಲ್ಲೂ 2, 3, 5, 7, 11, 13, 17, 19, 23, 29ಕ್ಕೆ ಬಣ್ಣ ಹಚ್ಚಿ. ಈಗ ಮೇಲೆ ಕೆಳಗೆ ಕೂಡಿದರೆ ಎಲ್ಲ ಮನೆಯಲ್ಲೂ 30. ಬಣ್ಣದ ಕೆಳಗೆ ಬಣ್ಣ ಬಂದಲ್ಲಿ ಜೋಡಿ: 7+23, 11+19, 13+17. ಕೆಳಗಿನ ಪಟ್ಟಿಯನ್ನು ಎಡಕ್ಕೆ ಆರು ಮನೆ ಸರಿಸಿದರೆ 24ರ ಜೋಡಿಗಳು. 1+29 ಎಂದು ಬರೆಯುವವರು ಬಹಳ, 1 ಅವಿಭಾಜ್ಯವಲ್ಲ.

98ಕ್ಕೆ ಪಟ್ಟಿ ಸಾಲದು, ಕಳೆಯಬೇಕು. ಚಿಕ್ಕ ಅವಿಭಾಜ್ಯವನ್ನು 98ರಿಂದ ಕಳೆದು, ಉಳಿದದ್ದೂ ಅವಿಭಾಜ್ಯವೇ ನೋಡಿ. ಅರ್ಧಕ್ಕೆ, ಅಂದರೆ 49ಕ್ಕೆ ನಿಲ್ಲಿಸಿ. ಮುಂದೆ ಅವೇ ಜೋಡಿ ತಿರುಗಿ ಬರುತ್ತವೆ. ನೂರರೊಳಗೆ ಪರೀಕ್ಷೆಗೆ 2, 3, 5, 7ರಿಂದ ಭಾಗಿಸಿದರೆ ಸಾಕು. ಆದರೂ ಎಡವುವ ಜಾಗ ಗೊತ್ತಿರಲಿ: 91 = 7×13, 87 = 3×29, 57 = 3×19, 51 = 3×17. ನಾಲ್ಕೂ 98ರ ದಾರಿಯಲ್ಲೇ ಕೂತಿವೆ.

ಅರ್ಧ ಕೆಲಸ ಉಳಿಸುವ ಉಪಾಯವಿದೆ. 98ನ್ನು 3ರಿಂದ ಭಾಗಿಸಿದರೆ ಶೇಷ 2. ಶೇಷ 2 ಬರುವ 5, 11, 17, 23, 29, 41, 47ರಲ್ಲಿ ಯಾವುದನ್ನು ಕಳೆದರೂ ಉಳಿಯುವುದು 3ರ ಗುಣಕ. ಅವನ್ನು ಮುಟ್ಟಲೇಬೇಡಿ. ಉಳಿದವುಗಳಲ್ಲಿ 19+79, 31+67, 37+61, ಮೂರೇ ಜೋಡಿ. 98ರ ಹಿಂದಿನ ಸಮ ಸಂಖ್ಯೆ 96 ಆದರೋ 3ರ ಗುಣಕ. ಅಲ್ಲಿ ಹೀಗೆ ಸಾರಾಸಗಟು ಬಿಡುವಂತಿಲ್ಲ, ಅದಕ್ಕೇ ಏಳು ಜೋಡಿ.

100ಕ್ಕೆ ಶೇಷ 1, ಹಾಗಾಗಿ ಶೇಷ 1ರವನ್ನು ಬಿಡಿ. ಆರು ಜೋಡಿ ಬರಬೇಕು. ಐದೇ ಬಂದರೆ, ಶೇಷದ ಲೆಕ್ಕದಲ್ಲಿ 3ನ್ನೇ ಮರೆತಿದ್ದೀರಿ: 3+97.