ಸ್ಪ್ರಿಂಟ್ ಬಿಟ್ಟು ಕಾನ್‌ಬಾನ್‌ಗೆ ಹೋಗೋದು ಹೇಗೆ

ನಮ್ಮದು ಏಳು ಜನರ ಬಿಲ್ಲಿಂಗ್ ಟೀಮು. ಐದು ಡೆವಲಪರ್, ಇಬ್ಬರು ಟೆಸ್ಟರ್. ಎರಡು ವಾರದ ಸ್ಪ್ರಿಂಟ್, ಅಂದರೆ ಎರಡು ವಾರದ ಕೆಲಸ ಮೊದಲೇ ಗೊತ್ತುಮಾಡಿಕೊಂಡು ಮುಗಿಸೋದು. ಬುಧವಾರ ಪ್ಲಾನಿಂಗ್ ಮುಗಿಸಿ ಕಾಫಿ ಕುಡಿಯುವಷ್ಟರಲ್ಲಿ ಪ್ರೊಡಕ್ಷನ್ ಟಿಕೆಟ್ (ಗ್ರಾಹಕರು ಬಳಸುತ್ತಿರುವ ಸಾಫ್ಟ್‌ವೇರ್ ಕೆಟ್ಟಿದೆ, ಸರಿಮಾಡಿ ಅನ್ನೋ ಚೀಟಿ) ಬಂದಿರುತ್ತಿತ್ತು. ಪ್ಲಾನ್ ಅಲ್ಲಿಗೆ ಗೋವಿಂದ. ಅದಕ್ಕೇ ಕಾನ್‌ಬಾನ್‌ಗೆ ಹೋದೆವು: ಕೆಲಸವನ್ನೆಲ್ಲ ಬೋರ್ಡ್ ಮೇಲೆ ಕಾಣಿಸಿ, ಒಮ್ಮೆಗೆ ಎಷ್ಟು ಎತ್ತಿಕೊಳ್ಳಬಹುದು ಅಂತ ಮಿತಿ ಇಡುವ ಪದ್ಧತಿ. ನಿಮ್ಮದೂ ಇದೇ ಕತೆಯಾದರೆ ಮುಂದೆ ಓದಿ. ಸ್ಪ್ರಿಂಟ್ ಸಲೀಸಾಗಿ ನಡೆಯುತ್ತಿದ್ದರೆ ಸುಮ್ನೆ ಕೈ ಹಾಕಬೇಡಿ.

ಮೊದಲ ದಿನವೇ ಮೀಟಿಂಗ್‌ಗಳನ್ನೆಲ್ಲ ಕಿತ್ತುಹಾಕಬೇಡಿ. ಕೆಲಸ ಈಗ ಹೇಗೆ ನಡೆಯುತ್ತಿದೆಯೋ ಹಾಗೇ ಬೋರ್ಡ್ ಮೇಲೆ ತನ್ನಿ. ನಮ್ಮ ಹಳೇ ಬೋರ್ಡಿನಲ್ಲಿ ‘ಮಾಡ್ತಿರೋದು’ ಅಂತ ಒಂದೇ ಕಾಲಂ ಇತ್ತು. ಅದನ್ನು ಒಡೆದು ಡೆವಲಪ್‌ಮೆಂಟ್, ರಿವ್ಯೂ, ಟೆಸ್ಟಿಂಗ್‌ಗೆ ಕಾಯ್ತಿದೆ, ಟೆಸ್ಟಿಂಗ್ ಅಂತ ನಾಲ್ಕು ಮಾಡಿದೆವು. ಬಣ್ಣ ಬಯಲಾಯಿತು! ಇನ್‌ವಾಯ್ಸ್‌ನಲ್ಲಿ ಜಿಎಸ್‌ಟಿ ಪೈಸೆ ರೌಂಡಿಂಗ್ ಸರಿಮಾಡುವ ಒಂದು ಟಿಕೆಟ್‌ಗೆ 11 ದಿನ ಹಿಡಿದಿತ್ತು. ಕೈಯಾಡಿಸಿದ್ದು 2 ದಿನ. ಮಿಕ್ಕ 9 ದಿನ ಕಾಯುವ ಕಾಲಂನಲ್ಲಿ ಬಿದ್ದಿತ್ತು.

ಇನ್ನು ಮಿತಿ, ಅಂದರೆ ಕಾಲಂನಲ್ಲಿ ಒಮ್ಮೆಗೆ ಎಷ್ಟು ಟಿಕೆಟ್ ಇರಬಹುದು ಅನ್ನೋದು. ಅದಿಲ್ಲದ ಬೋರ್ಡು ಬರೀ ಟಿಕೆಟ್ ಅಂಟಿಸಿದ ಗೋಡೆ. ದರ್ಶಿನಿಯಲ್ಲಿ ಟೋಕನ್ ಎಷ್ಟೇ ಬರಲಿ, ಕಾವಲಿ ಹಿಡಿಸುವಷ್ಟೇ ದೋಸೆ ಹುಯ್ಯುತ್ತಾರೆ, ಅಲ್ವಾ? ಕಾಯುವುದು, ಟೆಸ್ಟಿಂಗ್ ಎರಡೂ ಸೇರಿ 4 ಅಂತ ಇಟ್ಟೆವು. ಅದು ತುಂಬಿದರೆ ಡೆವಲಪರ್ ಹೊಸ ಟಿಕೆಟ್ ಎತ್ತುವಂತಿಲ್ಲ, ಟೆಸ್ಟಿಂಗ್‌ಗೆ ಕೂರಬೇಕು. ಮೊದಲ ವಾರ ಮುಖ ಊದಿಸಿಕೊಂಡವರೇ ಜಾಸ್ತಿ, ನಾನೂ ಸೇರಿ. ಬೋರ್ಡ್ ಇಡುವ ಸಾಫ್ಟ್‌ವೇರ್ ಜಿರಾದಲ್ಲಿ ಮಿತಿ ಮೀರಿದರೆ ಕಾಲಂ ಕೆಂಪಾಗುತ್ತದೆ, ಅಷ್ಟೇ. ತಡೆಯುವ ಕೆಲಸ ನಿಮ್ಮದೇ.

‘ಕಡಿಮೆ ಎತ್ತಿಕೊಂಡರೆ ಬೇಗ ಹೇಗೆ ಮುಗಿಯುತ್ತೆ?’ ಅಂತ ಮ್ಯಾನೇಜರ್ ಕೇಳೇ ಕೇಳುತ್ತಾರೆ. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಭಾಗಾಕಾರ ಮುಂದಿಡಿ: ಕೈಯಲ್ಲಿ 14 ಟಿಕೆಟ್ ಇದ್ದು ವಾರಕ್ಕೆ 7 ಮುಗಿದರೆ, ಒಂದೊಂದಕ್ಕೂ ಸರಾಸರಿ ಎರಡು ವಾರ. ಕೈಯಲ್ಲಿರುವುದನ್ನು 7ಕ್ಕೆ ಇಳಿಸಿ, ವಾರಕ್ಕೆ ಅಷ್ಟೇ ಮುಗಿಯುತ್ತಿದ್ದರೆ ಒಂದೇ ವಾರ.

ಸ್ಟೋರಿ ಪಾಯಿಂಟ್, ಅಂದರೆ ಕೆಲಸದ ಗಾತ್ರಕ್ಕೆ ಅಂದಾಜಿನ ಅಂಕ ಕೊಡೋದು, ಬಿಟ್ಟೆವು. ಬದಲಿಗೆ ಮುಗಿದ 20 ಟಿಕೆಟ್‌ಗಳಿಗೆ ಹಿಡಿದ ದಿನಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ 17ನೆಯದನ್ನು ನೋಡಿ. ನಮ್ಮದು 8 ಬಂತು. ‘ನೂರಕ್ಕೆ 85 ಟಿಕೆಟ್ 8 ದಿನದೊಳಗೆ’ ಅಂತ ಹೇಳಿದೆವು. ಸ್ಟ್ಯಾಂಡ್‌ಅಪ್‌ನಲ್ಲಿ (ದಿನಾ ನಡೆಸುವ ಚುಟುಕು ಮೀಟಿಂಗ್) ಬೋರ್ಡನ್ನು ಬಲದಿಂದ ಎಡಕ್ಕೆ ಓದಿ, ಮುಗಿಯಲು ಹತ್ತಿರ ಇರುವುದು ಮೊದಲು.

ತುರ್ತಿಗೆ ಮೇಲೊಂದು ಬೇರೆ ಸಾಲು, ಅದರಲ್ಲಿ ಒಂದೇ ಟಿಕೆಟ್. ಎರಡನೆಯದು ತಂದವರಿಗೆ ‘ಮೊದಲನೆಯದನ್ನು ಇಳಿಸಲಾ?’ ಅಂತ ಕೇಳಿ. ನಾವು ಹೀಗೆ ಕೇಳಲು ಶುರುಮಾಡಿದ ಮೇಲೆ ಎಷ್ಟೋ ತುರ್ತುಗಳು ‘ಪರವಾಗಿಲ್ಲ, ನಾಳೆ ಮಾಡಿ’ ಆದವು.